ಸ್ಕ್ಯಾಂಡಿನೇವಿಯಾದಲ್ಲಿ ಹೆಸರಿಡುವ ಹಳೆಯ ಪದ್ಧತಿ: ಅಪ್ಪನ ಹೆಸರು, ಹೊಲಮನೆಯ ಹೆಸರು, ಮನೆತನದ ಹೆಸರು

ಓದುಬಯಕೆ:

ಮಾನ್ಯರೇ, ಡೆನ್ಮಾರ್ಕಿನ ಇತ್ತೀಚಿನ ರಾಜಕೀಯ ಇತಿಹಾಸವನ್ನು ಓದುತ್ತಿರುವಾಗ ಹುಟ್ಟಿದ ಒಂದು ಪ್ರಶ್ನೆಯನ್ನು ಇಲ್ಲಿ ಇಡುತ್ತಿದ್ದೇನೆ. 1993ರಿಂದ 2011ರವರೆಗೆ ಆ ದೇಶಕ್ಕೆ ಒಬ್ಬರಾದ ಮೇಲೊಬ್ಬರಂತೆ ಮೂವರು ಪ್ರಧಾನಿಗಳು ಬಂದರು: ಪೌಲ್ ನೂರುಪ್ ರಾಸ್ಮುಸೆನ್, ಆಂಡರ್ಸ್ ಫೋಗ್ ರಾಸ್ಮುಸೆನ್, ಲಾರ್ಸ್ ಲೊಕೆ ರಾಸ್ಮುಸೆನ್. ಮೂವರಿಗೂ ಪರಸ್ಪರ ಯಾವ ನೆಂಟಸ್ತಿಕೆಯೂ ಇಲ್ಲ. ಜನರು ಅವರನ್ನು ನೂರುಪ್, ಫೋಗ್, ಲೊಕೆ ಎಂದು ನಡುವಿನ ಹೆಸರಿನಿಂದಲೇ ಗುರುತಿಸುತ್ತಾರಂತೆ. ಅಡ್ಡಹೆಸರು ಎಂಬುದು ಒಂದು ಮನೆತನವನ್ನು ಇನ್ನೊಂದರಿಂದ ಬೇರೆಯಾಗಿ ತೋರಿಸಬೇಕು ಎಂದು ನಾವು ತಿಳಿದಿದ್ದೇವೆ. ಅಷ್ಟನ್ನೂ ಮಾಡಲಾರದ ಹೆಸರು ಒಂದು ದೇಶದ ತುಂಬ ಹೇಗೆ ಹರಡಿತು? ಅಲ್ಲಿಯ ರೈತಾಪಿ ಜನರಿಗೆ ಹಿಂದೆ ಮನೆತನದ ಹೆಸರು ಎಂಬುದು ಇತ್ತೇ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರಾಪಥ:

ತಾವು ಕೇಳಿದ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಇರಲಿಲ್ಲ. ಕುಲೀನರು, ಪಾದ್ರಿಗಳು, ಪಟ್ಟಣದ ವರ್ತಕರು ಮುಂತಾದ ಕೆಲವರನ್ನು ಬಿಟ್ಟರೆ, ಹತ್ತೊಂಬತ್ತನೆಯ ಶತಮಾನದವರೆಗೂ ಡೆನ್ಮಾರ್ಕ್, ನಾರ್ವೆ, ಸ್ವೀಡನ್ ದೇಶಗಳ ಹಳ್ಳಿಯ ಜನರಿಗೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ಹೆಸರು ಇರಲಿಲ್ಲ. ಇದ್ದದ್ದು ಸ್ವಂತ ಹೆಸರು ಮತ್ತು ತಾನು ಯಾರ ಮಗ ಅಥವಾ ಯಾರ ಮಗಳು ಎಂಬ ವಿವರ. ಹ್ಯಾನ್ಸ್ ಎಂಬುವನಿಗೆ ನೀಲ್ಸ್ ಎಂಬ ಮಗನೂ ಕರೆನ್ ಎಂಬ ಮಗಳೂ ಹುಟ್ಟಿದರೆ ಅವರು ನೀಲ್ಸ್ ಹ್ಯಾನ್ಸನ್, ಕರೆನ್ ಹ್ಯಾನ್ಸ್‌ಡಾಟರ್ ಎನ್ನಿಸಿಕೊಳ್ಳುತ್ತಿದ್ದರು. ಕೊನೆಯ ‘ಸನ್’ ಅಥವಾ ‘ಸೆನ್’ ಎಂದರೆ ಮಗ, ‘ಡಾಟರ್’ ಎಂದರೆ ಮಗಳು. ನೀಲ್ಸನ ಗಂಡುಮಕ್ಕಳು ಹ್ಯಾನ್ಸನ್ ಆಗುವುದಿಲ್ಲ, ನೀಲ್ಸನ್ ಆಗುತ್ತಾರೆ. ಗ್ರೀನ್‌ಲ್ಯಾಂಡಿನಲ್ಲಿ ನೆಲೆ ಹೂಡಿದ ಕೆಂಪು ಎರಿಕನು ತೋರ್ವಾಲ್ಡನ ಮಗನಾದ್ದರಿಂದ ಎರಿಕ್ ತೋರ್ವಾಲ್ಡ್ಸನ್, ಸಮುದ್ರ ದಾಟಿ ಅಮೆರಿಕದ ದಡ ಮುಟ್ಟಿದ ಅವನ ಮಗ ಲೇಫ್ ಎರಿಕ್ಸನ್. ತಂದೆ ಮಗ ಇಬ್ಬರ ಹೆಸರಿನ ಕೊನೆಯ ಭಾಗ ಬೇರೆ ಬೇರೆಯಾಗಿರುವುದೇ ಆ ಕಾಲದ ಸಹಜ ಸ್ಥಿತಿ.

ತಂದೆಯ ಹೆಸರೇ ಆಗಬೇಕೆಂಬ ಕಟ್ಟುಪಾಡೂ ಇರಲಿಲ್ಲ. ಹನ್ನೊಂದನೆಯ ಶತಮಾನದ ಡೆನ್ಮಾರ್ಕಿನ ದೊರೆ ಸ್ವೆಂಡ್ ಎಸ್ಟ್ರಿಡ್ಸನ್ ತನ್ನ ತಾಯಿ ಎಸ್ಟ್ರಿಡಳ ಹೆಸರಿನಿಂದ ಪ್ರಸಿದ್ಧನಾದನು. ಆಕೆ ಮಹಾರಾಜ ಕ್ನೂಟನ ತಂಗಿ. ಸಿಂಹಾಸನದ ಹಕ್ಕು ಆಕೆಯ ಕಡೆಯಿಂದ ಬಂದದ್ದರಿಂದ ಮಗನು ಆಕೆಯ ಹೆಸರನ್ನೇ ಮುಂದಿಟ್ಟುಕೊಂಡನು. ಇನ್ನು ಒಂದೇ ಊರಿನಲ್ಲಿ ಒಂದೇ ಹೆಸರಿನವರು ಹಲವರಿದ್ದಾಗ ಮೈಬಣ್ಣ, ಕೂದಲು, ಸ್ವಭಾವ, ಅಂಗವಿಕಲತೆ ಹೀಗೆ ಕಂಡದ್ದನ್ನು ಹಿಡಿದು ಅನ್ವರ್ಥನಾಮ ಇಡುತ್ತಿದ್ದರು. ಹತ್ತನೆಯ ಶತಮಾನದಲ್ಲಿ ಡೇನರನ್ನು ಕ್ರೈಸ್ತರನ್ನಾಗಿ ಮಾಡಿದೆನೆಂದು ಯೆಲ್ಲಿಂಗ್ ಶಾಸನದಲ್ಲಿ ಹೇಳಿಕೊಂಡಿರುವ ಹೆರಾಲ್ಡನಿಗೆ ‘ನೀಲಿಹಲ್ಲಿನವ’ ಎಂಬ ಅನ್ವರ್ಥನಾಮವಿತ್ತು. ನಮ್ಮ ಮೊಬೈಲ್ ಫೋನಿನಲ್ಲಿರುವ ಬ್ಲೂಟೂತ್ ಆ ದೊರೆಯ ಹೆಸರೇ. ಅದರ ಗುರುತೂ ಅವನ ಹೆಸರಿನ ಎರಡು ರೂನಿಕ್ (ಅಲ್ಲಿಯ ಹಳೆಯ ಲಿಪಿಯ) ಅಕ್ಷರಗಳನ್ನು ಬೆಸೆದು ಮಾಡಿದ್ದು.

ಒಂದು ಮಾತನ್ನು ಒತ್ತಿ ಹೇಳಬೇಕು. ಈ ಪದ್ಧತಿಯಲ್ಲಿ ಮದುವೆಯಾದ ಮಾತ್ರಕ್ಕೆ ಹೆಣ್ಣಿನ ಹೆಸರು ಬದಲಾಗುವುದಿಲ್ಲ. ಹ್ಯಾನ್ಸನ ಮಗಳು ಸಾಯುವವರೆಗೂ ಹ್ಯಾನ್ಸನ ಮಗಳೇ. ಗಂಡನ ತಂದೆ ಯಾರೆಂಬುದಕ್ಕೂ ಅವಳ ಹೆಸರಿಗೂ ಸಂಬಂಧವಿಲ್ಲ.

ಘಟ್ಟದತಪ್ಪಲು:

ನಾರ್ವೆಯ ವಿಷಯದಲ್ಲಿ ಇದಕ್ಕೆ ಇನ್ನೊಂದು ಪದರವನ್ನು ಸೇರಿಸಬೇಕಾಗುತ್ತದೆ. ಅಲ್ಲಿ ಒತ್ತಾದ ಹಳ್ಳಿಗಳು ಕಡಿಮೆ. ಕಣಿವೆಗಳಲ್ಲಿ ಒಂಟಿಯಾಗಿ ಚದುರಿದ ಹೊಲಮನೆಗಳೇ ಹೆಚ್ಚು. ಪ್ರತಿ ಹೊಲಮನೆಗೂ ಬಹು ಹಳೆಯದಾದ ಹೆಸರಿರುತ್ತದೆ: ಗುಡ್ಡದ ಮೇಲಿದ್ದರೆ ಹೌಗೆನ್, ಇಳಿಜಾರಿನಲ್ಲಿದ್ದರೆ ಬಕ್ಕೆ, ಕಣಿವೆಯಲ್ಲಿದ್ದರೆ ದಾಲ್. ಓಲೆ ಹ್ಯಾನ್ಸನ್ ಹೌಗೆನ್ ಎಂದರೆ ಹ್ಯಾನ್ಸನ ಮಗ ಓಲೆ, ಹೌಗೆನ್‌ನಲ್ಲಿ ವಾಸವಾಗಿರುವವನು ಎಂದು ಅರ್ಥ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಂತೆ ಸ್ವಂತ ಹೆಸರು, ತಂದೆಯ ಹೆಸರು, ಕೊನೆಗೆ ಮೂರನೆಯದೊಂದು ಎಂಬ ಕ್ರಮವೇ ಇಲ್ಲಿಯೂ ಇದೆಯೆಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಆದರೆ ಆ ಮೂರನೆಯ ಭಾಗದ ನಡವಳಿಕೆ ಪೂರ್ತಿ ಬೇರೆ. ಬೇಂದ್ರೆಯವರು ಎಲ್ಲಿಗೆ ಹೋಗಿ ನೆಲೆಸಿದರೂ ಬೇಂದ್ರೆಯೇ. ಓಲೆ ಮಾತ್ರ ಹೌಗೆನ್ ಬಿಟ್ಟು ಬಕ್ಕೆ ಎಂಬ ಹೊಲಮನೆಗೆ ಗೇಣಿಗೆ ಹೋದರೆ ಅಂದಿನಿಂದ ಓಲೆ ಹ್ಯಾನ್ಸನ್ ಬಕ್ಕೆ ಆಗುತ್ತಾನೆ. ಹೆಂಡತಿಯ ತವರಿನ ಹೊಲಮನೆಗೆ ಮನೆಯಳಿಯನಾಗಿ ಹೋದ ಗಂಡಸು ಆ ಮನೆಯ ಹೆಸರನ್ನೇ ಪಡೆಯುತ್ತಿದ್ದನು. ಅಣ್ಣತಮ್ಮಂದಿರು ಬೇರೆ ಬೇರೆ ಹೊಲಮನೆಗಳಲ್ಲಿ ನೆಲೆಸಿದರೆ ಅವರ ಕೊನೆಯ ಹೆಸರುಗಳು ಬೇರೆ. ಯಾವ ನೆಂಟಸ್ತಿಕೆಯೂ ಇಲ್ಲದ ಕೂಲಿಯಾಳು ಒಡೆಯನ ಹೊಲಮನೆಯ ಹೆಸರಿನಿಂದಲೇ ಚರ್ಚಿನ ದಫ್ತರದಲ್ಲಿ ದಾಖಲಾಗುವುದೂ ಇತ್ತು. ಹಾಗಾಗಿ ಆ ಹೆಸರು ರಕ್ತವನ್ನು ಹೇಳುವುದಿಲ್ಲ, ನೆಲೆಯನ್ನು ಹೇಳುತ್ತದೆ. ಈ ಹೊಲಮನೆಗಳ ಹೆಸರುಗಳನ್ನು ಓಲುಫ್ ರೂಗ್ ಎಂಬ ವಿದ್ವಾಂಸರು ಸಂಗ್ರಹಿಸಿ ಅಧ್ಯಯನ ಮಾಡಿದರು. 1897ರಿಂದ ಮೊದಲ್ಗೊಂಡು ಹಲವು ಸಂಪುಟಗಳಲ್ಲಿ ಅದು ಪ್ರಕಟವಾಗಿದೆ. ಇಂದಿಗೂ ನಾರ್ವೆಯ ವಂಶಾವಳಿ ಹುಡುಕುವವರು ಅದನ್ನು ಬಿಟ್ಟು ಮುಂದೆ ಹೋಗಲಾರರು.

ಸ್ವೀಡನ್ನಿನ ದಾಲಾರ್ನಾ ಪ್ರಾಂತದಲ್ಲಿ ಇದೇ ಹೊಲಮನೆಯ ಹೆಸರನ್ನು ಕೊನೆಗಲ್ಲ, ಎಲ್ಲಕ್ಕಿಂತ ಮೊದಲಿಗೆ ಹೇಳುತ್ತಾರೆ. ಆ ಪ್ರಾಂತದ ಮೂರಾ ಊರಿನವರಾದ ಪ್ರಖ್ಯಾತ ಚಿತ್ರಕಾರ ಆಂಡರ್ಸ್ ಸೂರ್ನ್ ಅವರ ತಾಯಿಯ ಹೆಸರು ಗ್ರುಡ್ ಅನ್ನಾ ಆಂಡರ್ಸ್‌ಡಾಟರ್. ಗ್ರುಡ್ ಎಂಬುದು ಹೊಲಮನೆ, ಅನ್ನಾ ಎಂಬುದು ಆಕೆ, ಉಳಿದದ್ದು ಆಂಡರ್ಸನ ಮಗಳು. ನಮ್ಮ ಕೊಡಗಿನ ಕೊಡಂದೇರ ಮಾದಪ್ಪ ಕಾರ್ಯಪ್ಪನವರ ಹೆಸರಿನಲ್ಲಿ ಮನೆಹೆಸರು ಮೊದಲು ನಿಲ್ಲುವುದನ್ನು ಬಲ್ಲವರಿಗೆ ಈ ಕ್ರಮ ಹೊಸದೆನ್ನಿಸದು.

ಸಸ್ಯಸಂಗಾತಿ:

ಸ್ವೀಡನ್ನಿನ ಮಾತು ಬಂದದ್ದರಿಂದ ನನಗೆ ಪ್ರಿಯವಾದ ಒಂದು ಉದಾಹರಣೆಯನ್ನು ಕೊಡುತ್ತೇನೆ. ಸಸ್ಯಗಳಿಗೆಲ್ಲ ಎರಡು ಪದಗಳ ಹೆಸರಿಡುವ ಕ್ರಮವನ್ನು ನೆಲೆಗೊಳಿಸಿದ ಕಾರ್ಲ್ ಲಿನೇಯಸ್ 1707ರಲ್ಲಿ ಸ್ಮೋಲಾಂಡ್ ಪ್ರಾಂತದಲ್ಲಿ ಹುಟ್ಟಿದರು. ಅವರ ಅಜ್ಜ ಇಂಗೆಮಾರ್ ಬೆಂಗ್ಟ್ಸನ್, ತಂದೆ ನಿಲ್ಸ್ ಇಂಗೆಮಾರ್ಸನ್. ರೂಢಿಯಂತೆ ನಡೆದಿದ್ದರೆ ಆ ಮಹಾನ್ ಸಸ್ಯಶಾಸ್ತ್ರಜ್ಞರ ಹೆಸರು ಕಾರ್ಲ್ ನಿಲ್ಸನ್ ಎಂದಾಗಬೇಕಿತ್ತು. ಆದರೆ ತಂದೆ ಪಾದ್ರಿಯಾಗಲು ಲುಂಡ್ ವಿಶ್ವವಿದ್ಯಾಲಯಕ್ಕೆ ಸೇರಿದಾಗ, ವಿದ್ಯಾವಂತನಿಗೆ ಒಂದು ಸ್ಥಿರವಾದ ಲ್ಯಾಟಿನ್ ಹೆಸರು ಬೇಕಾಯಿತು. ಕುಟುಂಬದ ಜಮೀನಿನಲ್ಲಿದ್ದ ಭಾರೀ ಲಿಂಡೆನ್ ಮರವೊಂದನ್ನು ನೆನೆದು ಅವರು ಲಿನೇಯಸ್ ಎಂಬ ಹೆಸರನ್ನು ಕಟ್ಟಿಕೊಂಡರು. ಅದೇ ಮರದಿಂದ ಬಂಧುಗಳಲ್ಲಿ ಕೆಲವರು ಲಿಂಡೇಲಿಯಸ್ ಆದರು, ಇನ್ನು ಕೆಲವರು ಆ ಮರದ ಲ್ಯಾಟಿನ್ ಹೆಸರನ್ನು ಹಿಡಿದು ಟಿಲಿಯಾಂಡರ್ ಆದರು. ಒಂದೇ ಮರ ಮೂರು ಮನೆತನಗಳಿಗೆ ಹೆಸರು ಕೊಟ್ಟಿತು. ಮುಂದೆ ಕುಲೀನ ಪದವಿ ದೊರೆತ ಮೇಲೆ ಮಗನ ಹೆಸರು ಕಾರ್ಲ್ ಫಾನ್ ಲಿನೇ ಎಂದು ಮತ್ತೊಮ್ಮೆ ಬದಲಾಯಿತು. ಉಷ್ಣಮಾಪಕದಿಂದ ನಮಗೆಲ್ಲ ಪರಿಚಿತರಾದ ಆಂಡರ್ಸ್ ಸೆಲ್ಸಿಯಸ್ ಅವರ ಮನೆತನದ ಹೆಸರೂ ಹೀಗೆಯೇ ಬಂದದ್ದು: ದಿಬ್ಬ ಎಂಬರ್ಥದ ಊರುಮನೆಯ ಹೆಸರನ್ನು ಹಿರಿಯರು ಲ್ಯಾಟಿನ್ನಿಗೆ ತಿರುಗಿಸಿಕೊಂಡರು.

ಪಟ್ಟಣದ ಕುಶಲಕರ್ಮಿಗಳು, ವರ್ತಕರು ಲ್ಯಾಟಿನ್ನಿನ ಗೊಡವೆಗೆ ಹೋಗದೆ ಪ್ರಕೃತಿಯಿಂದಲೇ ಎರಡು ಪದಗಳನ್ನು ಆರಿಸಿ ಜೋಡಿಸಿದರು. ಲಿಂಡೆನ್ ಮರ ಮತ್ತು ಹೊಳೆ ಸೇರಿದರೆ ಲಿಂಡ್‌ಸ್ಟ್ರೋಮ್, ಬೆಟ್ಟ ಮತ್ತು ಹೊಳೆ ಸೇರಿದರೆ ಬೆರ್ಗ್‌ಸ್ಟ್ರೋಮ್, ತೋಪು ಮತ್ತು ರೆಂಬೆ ಸೇರಿದರೆ ಲುಂಡ್‌ಕ್ವಿಸ್ಟ್. ಇವು ಯಾವುದೇ ಊರನ್ನು ಸೂಚಿಸುವುದಿಲ್ಲ, ಕಿವಿಗೆ ಇಂಪಾಗಿವೆ ಎಂಬ ಕಾರಣಕ್ಕೆ ಆರಿಸಿದ ಹೆಸರುಗಳು.

ಇವೆಲ್ಲಕ್ಕಿಂತ ವಿಶೇಷವಾದದ್ದು ಸೈನಿಕರ ಹೆಸರು. ಹನ್ನೊಂದನೆಯ ಕಾರ್ಲ್ ದೊರೆಯು 1680ರ ದಶಕದಲ್ಲಿ ಸೇನೆಯನ್ನು ಹೊಸದಾಗಿ ಕಟ್ಟಿದಾಗ, ಕೆಲವು ಹೊಲಮನೆಗಳು ಸೇರಿ ಒಬ್ಬ ಸೈನಿಕನನ್ನು ಒದಗಿಸಿ, ಅವನಿಗೆ ಒಂದು ಗುಡಿಸಲನ್ನೂ ತುಂಡು ಭೂಮಿಯನ್ನೂ ಕೊಟ್ಟು ಸಾಕಬೇಕೆಂದು ಗೊತ್ತುಮಾಡಲಾಯಿತು. ಒಂದು ದಳದಲ್ಲಿ ಹತ್ತಾರು ಮಂದಿ ಆಂಡರ್ಸನ್‌ಗಳು ನಿಂತರೆ ಅಧಿಕಾರಿ ಯಾರನ್ನು ಕರೆದಂತಾಯಿತು? ಆದ್ದರಿಂದ ಪ್ರತಿಯೊಬ್ಬನಿಗೂ ಚುಟುಕಾದ ಒಂದು ಹೆಸರನ್ನು ಕೊಡುತ್ತಿದ್ದರು: ಧೈರ್ಯವಂತ ಎಂಬರ್ಥದ ಮೂಡಿಗ್, ಚುರುಕಿನವ ಎಂಬರ್ಥದ ರಾಸ್ಕ್, ಉಕ್ಕು ಎಂಬರ್ಥದ ಸ್ಟೋಲ್, ಗುರಾಣಿ ಎಂಬರ್ಥದ ಶೋಲ್ಡ್. ಎಷ್ಟೋ ಕಡೆ ಈ ಹೆಸರು ಮನುಷ್ಯನಿಗಿಂತ ಹೆಚ್ಚಾಗಿ ಆ ಗುಡಿಸಲಿಗೆ ಅಂಟಿಕೊಂಡಿರುತ್ತಿತ್ತು. ಸೈನಿಕ ಸತ್ತರೆ ಅಥವಾ ನಿವೃತ್ತನಾದರೆ ಅವನ ಜಾಗಕ್ಕೆ ಬಂದ ಹೊಸಬನೂ ಅದೇ ಹೆಸರನ್ನು ಹೊರುತ್ತಿದ್ದನು. ಒಂದೇ ಊರಿನ ದಾಖಲೆಯಲ್ಲಿ ಸಾಲಾಗಿ ಬರುವ ನಾಲ್ಕು ಮಂದಿ ರಾಸ್ಕ್‌ಗಳು ತಂದೆ ಮಕ್ಕಳಾಗಿರಬೇಕಾಗಿಲ್ಲ, ಒಬ್ಬರಿಗೊಬ್ಬರು ಏನೂ ಆಗದವರಿರಬಹುದು.

ಓದುಬಯಕೆ:

ತಮ್ಮೆಲ್ಲರ ಉತ್ತರಗಳಿಂದ ಬಹಳ ತಿಳಿಯಿತು. ಇಷ್ಟು ಹೊತ್ತೂ ನಾವು ಹೆಸರಿನ ಕೊನೆಯ ಭಾಗವನ್ನು ಕುರಿತೇ ಮಾತನಾಡಿದ್ದೇವೆ. ಮಗುವಿನ ಸ್ವಂತ ಹೆಸರನ್ನು ಆರಿಸುವಾಗ ಅಲ್ಲಿಯವರು ಯಾವ ಕ್ರಮವನ್ನು ಪಾಲಿಸುತ್ತಿದ್ದರು?

ಉತ್ತರಾಪಥ:

ಬಹು ಹಿಂದೆ, ವೈಕಿಂಗ್ ಕಾಲದಲ್ಲಿ, ಎರಡು ಪದಗಳನ್ನು ಕೂಡಿಸಿ ಹೆಸರು ಮಾಡುವುದು ಸಾಮಾನ್ಯವಾಗಿತ್ತು. ತೋರ್ ದೇವತೆಯ ಹೆಸರಿಗೆ ಕಲ್ಲು ಸೇರಿದರೆ ತೋರ್‌ಸ್ಟೈನ್, ಕರಡಿ ಸೇರಿದರೆ ತೋರ್‌ಬ್ಯೋರ್ನ್. ಒಂದೇ ಮನೆಯ ಮಕ್ಕಳ ಹೆಸರುಗಳಲ್ಲಿ ಒಂದು ಪದವನ್ನು ಹಾಗೆಯೇ ಉಳಿಸಿ ಇನ್ನೊಂದನ್ನು ಬದಲಿಸುತ್ತಿದ್ದರು. ಮಗುವಿನ ಮೇಲೆ ನೀರು ಚಿಮುಕಿಸಿ ಹೆಸರಿಡುವ ವಿಧಿಯನ್ನು ಕ್ರೈಸ್ತಪೂರ್ವದ ಸಮಾಜವನ್ನು ಕುರಿತ ಸಾಗಾ ಎಂಬ ಹಳೆಯ ಗದ್ಯಕಥೆಗಳಲ್ಲಿಯೂ ಹೇಳಿದೆ. ಹೆಸರಿಟ್ಟವರು ಆ ಹೆಸರಿನೊಂದಿಗೆ ಒಂದು ಉಡುಗೊರೆಯನ್ನೂ ಕೊಡಬೇಕಿತ್ತು. ಆ ಉಡುಗೊರೆಯಿಂದ ಹೆಸರು ಗಟ್ಟಿಯಾಗುತ್ತದೆಂಬ ಭಾವನೆ ಇತ್ತು.

ಆಮೇಲೆ ಬಲವಾಗಿ ಬೇರೂರಿದ್ದು ಹಿರಿಯರ ಹೆಸರಿಡುವ ರೂಢಿ. ನಾರ್ವೆ ಮತ್ತು ಡೆನ್ಮಾರ್ಕಿನಲ್ಲಿ ಸಾಮಾನ್ಯವಾಗಿ ಮೊದಲನೆಯ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು. ಹೆಣ್ಣುಮಕ್ಕಳಿಗೆ ಅಜ್ಜಿಯರ ಹೆಸರು. ದಂಪತಿಗಳು ಹೆಂಡತಿಯ ತವರಿನ ಹೊಲಮನೆಯಲ್ಲಿದ್ದರೆ ಆ ಕಡೆಯ ಅಜ್ಜನಿಗೆ ಮೊದಲ ಪಾಳಿ ಸಿಗುವುದೂ ಉಂಟು. ಇಬ್ಬರು ಅಜ್ಜಂದಿರ ಹೆಸರೂ ಓಲೆ ಆಗಿದ್ದರೆ ಇಬ್ಬರು ಮೊಮ್ಮಕ್ಕಳೂ ಓಲೆಗಳೇ ಆಗುತ್ತಿದ್ದರು. ಹೀಗೆ ಬದುಕಿರುವ ಅಣ್ಣತಮ್ಮಂದಿರಿಬ್ಬರಿಗೆ ಒಂದೇ ಹೆಸರಿರುವ ಕುಟುಂಬಗಳು ದಫ್ತರಗಳಲ್ಲಿ ಸಿಗುತ್ತವೆ. ಶಿಶು ತೀರಿಕೊಂಡರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರು. ನನ್ನ ಮನಸ್ಸನ್ನು ಬಹುವಾಗಿ ತಟ್ಟುವ ನಿಯಮ ಇನ್ನೊಂದಿದೆ: ವಿಧುರನಾಗಲಿ ವಿಧವೆಯಾಗಲಿ ಮರುಮದುವೆಯಾದರೆ, ಆ ಹೊಸ ಮದುವೆಯಲ್ಲಿ ಹುಟ್ಟಿದ ಮೊದಲ ಹೆಣ್ಣುಮಗುವಿಗೆ ತೀರಿಕೊಂಡ ಹೆಂಡತಿಯ ಹೆಸರನ್ನೋ, ಗಂಡುಮಗುವಿಗೆ ತೀರಿಕೊಂಡ ಗಂಡನ ಹೆಸರನ್ನೋ ಇಡಬೇಕಿತ್ತು. ಎರಡನೆಯ ಹೆಂಡತಿ ತನ್ನ ಮಗಳನ್ನು ದಿನವೂ ಮೊದಲನೆಯವಳ ಹೆಸರಿನಿಂದ ಕರೆಯುತ್ತಿದ್ದಳು. ಅದರಲ್ಲಿ ಅವಮಾನವನ್ನು ಯಾರೂ ಕಾಣಲಿಲ್ಲ. ಸತ್ತವರಿಗೆ ಸಲ್ಲಬೇಕಾದ ಋಣ ಅದೆಂದು ಎಲ್ಲರೂ ಒಪ್ಪಿದ್ದರು.

ರೂಢಿಯನ್ನು ಮೀರಿದ ಪ್ರಸಂಗವೂ ಒಂದಿದೆ. ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ ನಾರ್ವೆಯ ದೊರೆಗಳ ಚರಿತ್ರೆಯಲ್ಲಿ ಅದನ್ನು ಬರೆದಿದ್ದಾನೆ. ಮುಂದೆ ಸಂತನೆನಿಸಿದ ಓಲಾಫ್ ದೊರೆಗೆ ಒಂದು ರಾತ್ರಿ ಮಗ ಹುಟ್ಟಿದನು. ಶಿಶುವಿಗೆ ಉಸಿರು ನಿಲ್ಲುವಂತಿತ್ತು. ದೀಕ್ಷಾಸ್ನಾನ ತಡವಾದರೆ ಅನರ್ಥ. ಆದರೆ ನಿದ್ರಿಸುತ್ತಿರುವ ದೊರೆಯನ್ನು ಎಬ್ಬಿಸಬಾರದೆಂದು ಕಟ್ಟಾಜ್ಞೆಯಿತ್ತು. ಆಸ್ಥಾನಕವಿ ಸಿಗ್ವಾಟ್ ತಾನೇ ಮುಂದಾಗಿ ಮಗುವಿಗೆ ಮಾಗ್ನುಸ್ ಎಂದು ಹೆಸರಿಡಿಸಿದನು. ಬೆಳಗ್ಗೆ ಸಿಟ್ಟಾದ ದೊರೆ, ಅದು ನಮ್ಮ ವಂಶದ ಹೆಸರಲ್ಲವಲ್ಲ ಎಂದು ಕೇಳಿದಾಗ, ನಾನು ಬಲ್ಲ ಲೋಕದ ಅತ್ಯುತ್ತಮ ಪುರುಷನಾದ ಕಾರ್ಲಾಮಾಗ್ನುಸ್, ಅಂದರೆ ಶಾರ್ಲಮೇನ್ ಚಕ್ರವರ್ತಿಯ ನೆನಪಿಗೆ ಇಟ್ಟೆನೆಂದು ಕವಿ ಉತ್ತರಿಸಿದನು. ಲ್ಯಾಟಿನ್ನಿನಲ್ಲಿ ಬರಿಯ ಬಿರುದಾಗಿದ್ದ ಆ ಪದ ಹೀಗೆ ಉತ್ತರದಲ್ಲಿ ಸ್ವಂತ ಹೆಸರಾಯಿತು. ಆಮೇಲೆ ನಾರ್ವೆ, ಸ್ವೀಡನ್ ಎರಡೂ ದೇಶಗಳಲ್ಲಿ ಅನೇಕ ದೊರೆಗಳು ಆ ಹೆಸರನ್ನು ಹೊತ್ತರು.

ದಫ್ತರಿ:

ನಾನು ಬಹುಕಾಲ ಭೂದಾಖಲೆಗಳ ನಡುವೆ ಕೆಲಸ ಮಾಡಿದವನು. ಆದ್ದರಿಂದ ಇಲ್ಲಿ ಯಾರೂ ಆಡದ ಒಂದು ಮಾತನ್ನು ಆಡಬೇಕಾಗಿದೆ. ಹಳೆಯ ಪದ್ಧತಿ ಕೇಳಲು ಸೊಗಸಾಗಿದೆ, ನಿಜ. ಆದರೆ ತೆರಿಗೆ, ವಾರಸು, ಸೈನ್ಯದ ಭರ್ತಿ, ಸಾಲ ವಸೂಲಿ ಇವೆಲ್ಲವನ್ನೂ ನಡೆಸಬೇಕಾದ ಸರ್ಕಾರಕ್ಕೆ, ಮನೆ ಬದಲಿಸಿದಾಗಲೆಲ್ಲ ಹೆಸರು ಬದಲಿಸುವ ರೈತನಿಂದ ಎಷ್ಟು ಕಷ್ಟವಾಗಿರಬಹುದು ಎಂಬುದನ್ನೂ ಯೋಚಿಸಬೇಕು. ಹಳ್ಳಿ ಬಿಟ್ಟು ಕಾರ್ಖಾನೆಯ ಪಟ್ಟಣಕ್ಕೆ ಬಂದವನಿಗೆ ಹೌಗೆನ್ ಎಂಬ ಗುಡ್ಡದಿಂದ ಏನು ಗುರುತು ಸಿಕ್ಕೀತು? ಅಪ್ಪನ ಹೆಸರು ಗೊತ್ತಿದ್ದರೆ ಮನುಷ್ಯ ಗೊತ್ತಾಗುವುದು ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಮಾತ್ರ. ಸ್ಥಿರವಾದ ಹೆಸರನ್ನು ಕಾನೂನು ಮಾಡಿ ತಂದದ್ದು ಜನರಿಗೂ ಅನುಕೂಲವೇ ಆಗಿರಬೇಕೆಂದು ನನ್ನ ಅಭಿಪ್ರಾಯ.

ಉತ್ತರಾಪಥ:

ಸರ್ಕಾರಕ್ಕೆ ಅಗತ್ಯವಿತ್ತೆಂಬ ತಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಆ ಅಗತ್ಯವನ್ನು ಪೂರೈಸಿದ ರೀತಿಯಿಂದಲೇ ಮೂವರು ರಾಸ್ಮುಸೆನ್‌ಗಳು ಹುಟ್ಟಿದರು ಎಂಬುದನ್ನು ಗಮನಿಸಬೇಕು. ಡೆನ್ಮಾರ್ಕಿನಲ್ಲಿ 1526ರಲ್ಲಿಯೇ ಒಂದನೆಯ ಫ್ರೆಡರಿಕ್ ದೊರೆಯು ಕುಲೀನರಿಗೆ ಸ್ಥಿರವಾದ ಮನೆತನದ ಹೆಸರಿಟ್ಟುಕೊಳ್ಳಲು ಆಜ್ಞಾಪಿಸಿದ್ದನು. ಸಾಮಾನ್ಯ ಜನರ ಸರದಿ 1828ರ ಆಜ್ಞೆಯಿಂದ ಬಂದಿತು: ದೀಕ್ಷಾಸ್ನಾನದ ಹೊತ್ತಿಗೇ ಮಗುವಿಗೆ ಮನೆತನದ ಹೆಸರನ್ನೂ ಗೊತ್ತುಮಾಡಿ ಬರೆಸಬೇಕು. ಹೊಲಮನೆಯದೋ ಊರಿನದೋ ಹೆಸರನ್ನು ಆರಿಸಬಹುದಿತ್ತು. ಆದರೆ ರೈತರು ಹೆಚ್ಚಾಗಿ, ಅಂದಿಗೆ ಕೈಯಲ್ಲಿದ್ದ ತಂದೆಯ ಅಥವಾ ಅಜ್ಜನ ಹೆಸರನ್ನೇ ಬರೆಸಿದರು, ಪಾದ್ರಿಗಳೂ ಅದನ್ನೇ ಬರೆದುಕೊಂಡರು. ಅಲ್ಲಿಗೆ ನೀಲ್ಸನ್, ಯೆನ್ಸನ್, ಹ್ಯಾನ್ಸನ್, ರಾಸ್ಮುಸೆನ್ ಎಂಬ ಕೆಲವೇ ಹೆಸರುಗಳು ಇಡೀ ದೇಶದಲ್ಲಿ ಹೆಪ್ಪುಗಟ್ಟಿದವು. ಗುರುತಿಗೆಂದು ತಂದ ಕಾನೂನಿನಿಂದ ಗುರುತೇ ಕಷ್ಟವಾಯಿತು. ಕಡೆಗೆ 1904ರಲ್ಲಿ, ಇಂಥ ಹೆಸರುಗಳನ್ನು ಬಿಟ್ಟು ಬೇರೆ ಹೆಸರು ಪಡೆಯುವುದನ್ನು ಸುಲಭ ಮಾಡುವ ಇನ್ನೊಂದು ಕಾನೂನನ್ನು ಸರ್ಕಾರವೇ ತರಬೇಕಾಯಿತು. ಸ್ಥಿರವಾದ ಮನೆತನದ ಹೆಸರನ್ನು ಸ್ವೀಡನ್ನಿನಲ್ಲಿ 1901ರ ನಿಯಮ, ನಾರ್ವೆಯಲ್ಲಿ 1923ರ ಕಾನೂನು ನೆಲೆಗೊಳಿಸಿದವು. ಪಟ್ಟಣದ ಮನೆತನಗಳು ಅದಕ್ಕೆ ಬಹಳ ಮೊದಲೇ ತಾವಾಗಿ ಬದಲಾಗಿದ್ದವು: 1828ರಲ್ಲಿ ಹುಟ್ಟಿದ ನಾಟಕಕಾರ ಹೆನ್ರಿಕ್ ಇಬ್ಸೆನ್ ಅವರ ತಂದೆಯ ಹೆಸರು ಇಬ್ ಅಲ್ಲ, ಕ್ನುಡ್. ಇಬ್ ಎಂಬುವನು ಎಷ್ಟೋ ತಲೆಮಾರಿನ ಹಿಂದಿನವನು.

ತಾವು ಅನುಕೂಲ ಎಂದಿರಿ. ಅದು ಯಾರಿಗೆ ಎಂಬ ಪ್ರಶ್ನೆ ಉಳಿಯುತ್ತದೆ. ಈ ಬದಲಾವಣೆಯಲ್ಲಿ ಮಗಳು ಎಂಬ ಪದವೇ ಹೆಸರುಗಳಿಂದ ಕಣ್ಮರೆಯಾಯಿತು. ಕರೆನ್ ಹ್ಯಾನ್ಸ್‌ಡಾಟರ್ ಆಗಬೇಕಿದ್ದವಳು ಕರೆನ್ ಹ್ಯಾನ್ಸನ್ ಆದಳು, ಅಂದರೆ ಕಾಗದದ ಮೇಲೆ ಹ್ಯಾನ್ಸನ ಮಗನಾದಳು. ಮದುವೆಯಾದ ಮೇಲೆ ಅದೂ ಹೋಗಿ ಗಂಡನ ಮನೆತನದ ಹೆಸರು ಬಂದಿತು. ನಾರ್ವೆಯ 1923ರ ಕಾನೂನು ಅದನ್ನೇ ವಿಧಿಯನ್ನಾಗಿ ಮಾಡಿತು. ಗಂಡನ ಹೆಸರನ್ನು ಹೆಂಡತಿ ಹೊರುವುದು ಉತ್ತರದ ಪುರಾತನ ಸಂಪ್ರದಾಯವೆಂದು ಅಲ್ಲಿಯವರೇ ಕೆಲವರು ಇಂದು ತಿಳಿದಿದ್ದಾರೆ. ಹಳ್ಳಿಗಾಡಿನ ಮಟ್ಟಿಗೆ ಅದರ ಆಯುಷ್ಯ ಕೆಲವು ತಲೆಮಾರು ಮಾತ್ರ.

ಘಟ್ಟದತಪ್ಪಲು:

ದಫ್ತರಿಯವರ ವಾದಕ್ಕೆ ಐಸ್‌ಲ್ಯಾಂಡ್ ದೇಶವೇ ಉತ್ತರವೆಂದು ನನಗೆ ತೋರುತ್ತದೆ. ಅಲ್ಲಿ ಇಂದಿಗೂ ಹೆಚ್ಚಿನವರದು ತಂದೆಯ ಅಥವಾ ತಾಯಿಯ ಹೆಸರೇ. ದೂರವಾಣಿ ಪುಸ್ತಕದಲ್ಲಿಯೂ ಸ್ವಂತ ಹೆಸರಿನ ಅಕಾರಾದಿಯಲ್ಲಿ ಜನರನ್ನು ಪಟ್ಟಿ ಮಾಡುತ್ತಿದ್ದರು. ರಾಷ್ಟ್ರಾಧ್ಯಕ್ಷರನ್ನೂ ಸ್ವಂತ ಹೆಸರಿನಿಂದಲೇ ಕರೆಯುತ್ತಾರೆ. 1980ರಲ್ಲಿ ಚುನಾಯಿತರಾದ ವಿಗ್ದಿಸ್ ಫಿನ್‌ಬೋಗಾಡೋಟ್ಟಿರ್ ದೇಶಕ್ಕೆಲ್ಲ ವಿಗ್ದಿಸ್. ರೇಕ್ಯಾವಿಕ್ ನಗರದ ಮೇಯರಾಗಿದ್ದ ದಾಗುರ್ ಬಿ. ಎಗ್ಗರ್ಟ್ಸನ್ ಅವರ ಹೆಸರಿನ ನಡುವಿನ ಅಕ್ಷರ, ಬೆರ್ಗ್‌ಥೋರಾ ಎಂಬ ತಾಯಿಯ ಮಗ ಎಂಬುದರ ಸಂಕ್ಷೇಪ. ತೆರಿಗೆ ವಸೂಲಿ, ಬ್ಯಾಂಕ್, ಆಸ್ಪತ್ರೆ ಎಲ್ಲವೂ ಅಲ್ಲಿ ಚೆನ್ನಾಗಿಯೇ ನಡೆದಿವೆ.

ಸಸ್ಯಸಂಗಾತಿ:

ಐಸ್‌ಲ್ಯಾಂಡನ್ನು ಹೊಗಳುವಾಗ ಅದರ ಇನ್ನೊಂದು ಮುಖವನ್ನೂ ನೋಡಬೇಕು. ಅಲ್ಲಿ ಹಳೆಯ ಪದ್ಧತಿ ತಾನಾಗಿ ಉಳಿದದ್ದು ಮಾತ್ರವಲ್ಲ, ಕಾನೂನಿನ ಬಲದಿಂದಲೂ ಉಳಿದಿದೆ. 1925ರ ಕಾನೂನು ಹೊಸ ಮನೆತನದ ಹೆಸರುಗಳನ್ನು ನಿಷೇಧಿಸಿತು. 1991ರಲ್ಲಿ ನೇಮಕವಾದ ನಾಮಸಮಿತಿಯು, ಪಟ್ಟಿಯಲ್ಲಿಲ್ಲದ ಹೆಸರು ಐಸ್‌ಲ್ಯಾಂಡಿಕ್ ಭಾಷೆಯ ವಿಭಕ್ತಿಗೂ ಕಾಗುಣಿತಕ್ಕೂ ಹೊಂದುತ್ತದೆಯೇ ಎಂದು ಪರಿಶೀಲಿಸಿ ಒಪ್ಪಿಗೆ ಕೊಡುತ್ತದೆ ಅಥವಾ ನಿರಾಕರಿಸುತ್ತದೆ. ಅಪ್ಪನ ಹೆಸರನ್ನು ಷಷ್ಠಿಗೆ ತಿರುಗಿಸಿಯೇ ಮಕ್ಕಳ ಹೆಸರು ಮಾಡಬೇಕಾದಲ್ಲಿ, ಷಷ್ಠಿಯೇ ಬಾರದ ಹೆಸರಿನಿಂದ ತೊಡಕಾಗುವುದು ನಿಜ. ಆದರೆ ಬ್ಲೈರ್ ಎಂಬುದು ಪುಲ್ಲಿಂಗ ಪದವೆಂಬ ಕಾರಣಕ್ಕೆ ಒಬ್ಬ ಬಾಲಕಿ ಹದಿಹರೆಯದವರೆಗೂ ದಾಖಲೆಗಳಲ್ಲಿ ಬರಿಯ ‘ಹುಡುಗಿ’ ಎಂದೇ ಉಳಿದು, 2013ರಲ್ಲಿ ನ್ಯಾಯಾಲಯದ ತೀರ್ಪಿನಿಂದ ತನ್ನ ಹೆಸರನ್ನು ಪಡೆಯಬೇಕಾಯಿತು. ವಲಸೆ ಬಂದು ಪೌರತ್ವ ಪಡೆಯುವವರು ಐಸ್‌ಲ್ಯಾಂಡಿಕ್ ಹೆಸರನ್ನು ತೆಗೆದುಕೊಳ್ಳಬೇಕೆಂಬ ನಿಯಮ 1996ರವರೆಗೂ ಇತ್ತು. ಅದು ಅನ್ಯಾಯವೆಂದೇ ನನ್ನ ಖಚಿತ ಅಭಿಪ್ರಾಯ. 2019ರ ಕಾನೂನು ಹೆಸರುಗಳ ಲಿಂಗಭೇದವನ್ನು ತೆಗೆದುಹಾಕಿದ್ದಲ್ಲದೆ, ಗಂಡು ಹೆಣ್ಣು ಎರಡೂ ಅಲ್ಲದವರೆಂದು ದಾಖಲಾದವರಿಗೆ ಮಗ, ಮಗಳು ಎಂಬುದರ ಬದಲು ‘ಬುರ್’ ಎಂಬ ಮೂರನೆಯ ಪ್ರತ್ಯಯವನ್ನು ಕೊಟ್ಟಿತು. ಅಂದರೆ ಪದ್ಧತಿಯನ್ನು ಬಿಡದೆಯೇ ಅದರೊಳಗೆ ಜಾಗ ಮಾಡಲು ಸಾಧ್ಯವಿತ್ತು.

ಕಡಲಾಚೆಕನ್ನಡ:

ಈ ಚರ್ಚೆಯನ್ನು ಮೊದಲಿನಿಂದ ಓದಿಕೊಂಡು ಬಂದೆ. ನಾವು ಗೋಥೆನ್‌ಬರ್ಗಿನಲ್ಲಿದ್ದೇವೆ, ಮುಂದಿನ ತಿಂಗಳು ನಮ್ಮ ಮನೆಗೆ ಮಗು ಬರಲಿದೆ. ನಮ್ಮಿಬ್ಬರಿಗೂ ಮನೆತನದ ಹೆಸರಿಲ್ಲ. ಊರಿನ ಮತ್ತು ತಂದೆಯ ಹೆಸರಿನ ಮೊದಲ ಅಕ್ಷರಗಳೇ ನಮ್ಮ ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರನ್ನು ಕೊನೆಗೆ ಬಿಡಿಸಿ ಬರೆದದ್ದರಿಂದ ಇಲ್ಲಿ ಎಲ್ಲರೂ ನನ್ನನ್ನು ನನ್ನ ತಂದೆಯವರ ಹೆಸರಿನಿಂದಲೇ ಕರೆಯುತ್ತಾರೆ. ಮಗುವಿಗೆ ನನ್ನ ಹೆಸರು ಹೋಗಬೇಕೇ ಹೊರತು ಅದರ ಅಜ್ಜನ ಹೆಸರು ಶಾಶ್ವತವಾಗಿ ಅಂಟಿಕೊಳ್ಳಬಾರದೆಂಬುದು ನಮ್ಮ ಆಸೆ. ಸ್ವೀಡನ್ನಿನ ಈಗಿನ ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆಯೇ?

ಉತ್ತರಾಪಥ:

ಮೊದಲಿಗೆ ತಮ್ಮಿಬ್ಬರಿಗೂ ಶುಭಾಶಯಗಳು. ದಾರಿ ಇದೆ. 2017ರ ಜುಲೈ 1ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ತಂದೆಯ ಅಥವಾ ತಾಯಿಯ ಸ್ವಂತ ಹೆಸರಿಗೆ ‘ಸೋನ್’ ಅಥವಾ ‘ಡಾಟರ್’ ಸೇರಿಸಿದ ಹೆಸರನ್ನು ಮಗುವಿನ ಕೊನೆಯ ಹೆಸರಾಗಿ ಪಡೆಯಬಹುದು. ತಂದೆ ತಾಯಿ ಇಬ್ಬರ ಕೊನೆಯ ಹೆಸರುಗಳನ್ನು ಜೋಡಿಸಿ ಎರಡು ಪದಗಳ ಹೆಸರಿಡಲೂ ಅದೇ ಕಾನೂನು ಅನುಮತಿ ಕೊಡುತ್ತದೆ. ಮಗು ಹುಟ್ಟಿದ ಮೂರು ತಿಂಗಳೊಳಗೆ ತೆರಿಗೆ ಇಲಾಖೆಗೆ ಹೆಸರನ್ನು ತಿಳಿಸಬೇಕು. ನಿವಾಸಿಗಳ ನೋಂದಣಿಯ ದಾಖಲೆಯನ್ನು ಅಲ್ಲಿ ಆ ಇಲಾಖೆಯೇ ನೋಡಿಕೊಳ್ಳುತ್ತದೆ. ಏನೂ ಹೇಳದೆ ಸುಮ್ಮನಿದ್ದರೆ ತಮ್ಮ ಪಾಸ್‌ಪೋರ್ಟಿನ ಕೊನೆಯ ಹೆಸರು, ಅಂದರೆ ಅಜ್ಜನ ಹೆಸರು, ಮಗುವಿಗೆ ಬಂದುಬಿಡುವ ಸಂಭವವಿದೆ. ಆದ್ದರಿಂದ ಅರ್ಜಿಯಲ್ಲಿ ತಮ್ಮ ಇಚ್ಛೆಯನ್ನು ಸ್ಪಷ್ಟವಾಗಿ ಬರೆಯಿರಿ. ಮಗುವಿನ ಭಾರತೀಯ ಪಾಸ್‌ಪೋರ್ಟಿನಲ್ಲಿಯೂ ಅದೇ ಹೆಸರು ಅದೇ ಕಾಗುಣಿತದಲ್ಲಿ ಬರುವಂತೆ ಎರಡೂ ಕಡೆಯ ಕಾಗದಗಳನ್ನು ಒಟ್ಟಿಗೆ ಇಟ್ಟುಕೊಂಡು ತುಂಬುವುದು ಒಳ್ಳೆಯದು.